ಜಾತಿ ನಾಯಿಯ ಕನಸು

ಕನ್ನಡದಲ್ಲಿ ನಾಯಿಗಳಿಗೆ ಇರುವುದು ಎರಡೇ ಕುಲ. ಒಂದು ಜಾತಿ ನಾಯಿ, ಇನ್ನೊಂದು ಕಂತ್ರಿ ನಾಯಿ. ಈ 'ಕಂತ್ರಿ' ಎಂಬುದು ಇಂಗ್ಲಿಷಿನ 'ಕಂಟ್ರಿ'ಯಿಂದ ಬಂದ ಪದ ಎನ್ನುತ್ತಾರೆ. ನಾಡಿನದು, ಊರಿನದು ಎಂಬಷ್ಟೇ ಅರ್ಥವಿದ್ದ ಮಾತು ದೊರೆಗಳ ಬಾಯಿಂದ ನಮ್ಮ ಬಾಯಿಗೆ ಬರುವಷ್ಟರಲ್ಲಿ ಬೈಗುಳವಾಗಿಬಿಟ್ಟಿತು. ನಾಯಿಗೆ ಮಾತ್ರವಲ್ಲ, ಮನುಷ್ಯರಿಗೂ ಧಾರಾಳವಾಗಿ ಬಳಸುತ್ತೇವೆ. ಜಾತಿ ಬೇಡ ಎಂದು ಭಾಷಣ ಮಾಡುವವರೂ ನಾಯಿ ಕೊಳ್ಳುವಾಗ ಮೊದಲು ಕೇಳುವುದು, "ಯಾವ ಜಾತಿ?"

ನಮ್ಮ ಮನೆಯಲ್ಲಿ ನಾವು ಐದು ಮಂದಿ. ನಾಯಿ ಒಂದೂ ಇಲ್ಲ, ಕನಸಿನ ನಾಯಿಗಳು ಮಾತ್ರ ನಾಲ್ಕೋ ಐದೋ ಇವೆ. ಕಾಲೇಜಿಗೆ ಹೋಗುವವನಿಗೆ ನೀಲಿ ಕಣ್ಣಿನ ಸೈಬೀರಿಯನ್ ಹಸ್ಕಿ. ಚಿಕ್ಕವಳಿಗೆ ಮಡಿಲಲ್ಲಿ ಕೂರುವ ಪಗ್. ಹಿರಿಯರಿಬ್ಬರಲ್ಲಿ ಒಬ್ಬರಿಗೆ ಪೊಲೀಸಿನವರಲ್ಲಿರುವಂಥ ಜರ್ಮನ್ ಶೆಫರ್ಡ್, ಇನ್ನೊಬ್ಬರಿಗೆ '777 ಚಾರ್ಲಿ' ನೋಡಿ ಅತ್ತು ಬಂದ 2022ರ ಜೂನ್ ತಿಂಗಳಿನಿಂದ ಲ್ಯಾಬ್ರಡಾರ್. ಅಜ್ಜಿಯದು ಮಾತ್ರ ಸರಳ ಬೇಡಿಕೆ. "ಅಪರಿಚಿತರು ಬಂದರೆ ಬೊಗಳಬೇಕು, ಹಾಕಿದ್ದನ್ನು ತಿನ್ನಬೇಕು. ಅಷ್ಟೇ." ಈ ಎಲ್ಲ ಕನಸುಗಳಿಗೆ ನಮ್ಮಲ್ಲಿರುವ ಜಾಗ ಮಂಗಳೂರಿನ ಹೊರವಲಯದ ಐದು ಸೆಂಟ್ಸ್. ಅದರಲ್ಲಿ ಮನೆ, ಬಾವಿ, ಎರಡು ತೆಂಗಿನಮರ ಕಳೆದರೆ ಉಳಿಯುವುದು ಬಟ್ಟೆ ಒಣಗಿಸುವ ಅಂಗಳ.

ಇಂಥ ಕನಸುಗಳು ಎಲ್ಲಿಂದ ಬರುತ್ತವೆ ಎಂದು ಹುಡುಕಲು ದೂರ ಹೋಗಬೇಕಾಗಿಲ್ಲ. 1996ರಲ್ಲಿ '101 ಡಾಲ್ಮೇಷಿಯನ್ಸ್' ಸಿನಿಮಾ ಬಂದಾಗ ಚುಕ್ಕಿ ನಾಯಿಯ ಹುಚ್ಚು ಹತ್ತಿತು. ಆ ತಳಿಯಲ್ಲಿ ಹುಟ್ಟುಕಿವುಡು ಹೆಚ್ಚು, ಅದರ ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚಿದ್ದು ಕಲ್ಲು ಕಟ್ಟುತ್ತದೆ ಎಂಬುದನ್ನು ಸಿನಿಮಾ ಹೇಳಲಿಲ್ಲ. 2003ರಲ್ಲಿ ಹಚ್ ಎಂಬ ಮೊಬೈಲ್ ಕಂಪೆನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಹಿಂದೆ ಪಗ್ ಒಂದು ನಡೆದುಹೋದದ್ದೇ ತಡ, ಬೇಕೆಂದವರ ಸಾಲು ಬೆಳೆಯಿತು. ಕಂಪೆನಿಯ ಆ ಹೆಸರು ಹೋಗಿ ವರ್ಷಗಳಾದವು, ಪಗ್ ಮಾತ್ರ ಉಳಿಯಿತು. ನಮಗೆ ಮುದ್ದೆನಿಸುವ ಅದರ ಚಪ್ಪಟೆ ಮುಖವೇ ಅದರ ಕಷ್ಟ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಅದು ಒಡಲ ಬಿಸಿ ಕಳೆಯಬೇಕು. ಮೂತಿಯನ್ನೇ ಒತ್ತಿ ಮೊಟಕು ಮಾಡಿದ ತಳಿಗೆ ಆ ಉಸಿರಿನ ದಾರಿಯೇ ಇಕ್ಕಟ್ಟು. "ನೋಡಿ, ಗೊರಕೆ ಹೊಡೆಯುತ್ತದೆ" ಎಂದು ನಗುತ್ತೇವೆ. ಅದು ಗಾಳಿಗಾಗಿ ಒದ್ದಾಡುವ ಸದ್ದೂ ಆಗಿರಬಹುದು.

ಹಸ್ಕಿಯ ವಿಚಾರ ಮಾತ್ರ ನಾವು ಪುಸ್ತಕದಿಂದ ತಿಳಿದದ್ದಲ್ಲ, ನಮ್ಮ ಓಣಿಯಲ್ಲೇ ಕಂಡದ್ದು.

ನಾಲ್ಕು ಮನೆ ಆಚೆ ಇರುವ ಹಿರಿಯರನ್ನು ಓಣಿಯವರೆಲ್ಲ ಬಾಯಮ್ಮ ಎನ್ನುತ್ತೇವೆ. ಎಪ್ಪತ್ತರ ಹತ್ತಿರದ ವಯಸ್ಸು. ಮಗ ಗಲ್ಫಿನಲ್ಲಿ. ಚಿಕ್ಕಂದಿನಿಂದ ಹಸ್ಕಿಯ ಕನಸು ಕಂಡವನು ರಜೆಯಲ್ಲಿ ಬಂದಾಗ ಮರಿಯೊಂದನ್ನು ತಂದ, ಒಂದು ತಿಂಗಳು ಅದನ್ನು ಮುದ್ದಾಡಿದ, ರಜೆ ಮುಗಿದಾಗ ಹೋದ. ಅಮ್ಮನಿಗೆ ಜೊತೆಯಾಗುತ್ತದೆ ಎಂಬುದು ಅವನ ಲೆಕ್ಕ. ಹುಡುಗ ಕೆಟ್ಟವನಲ್ಲ. ದುಡ್ಡು ತಪ್ಪದೆ ಕಳಿಸುತ್ತಿದ್ದ. ಜೀವಮಾನವಿಡೀ ಫ್ಯಾನಿನ ಕೆಳಗೆ ಮಲಗಿದ ಬಾಯಮ್ಮನ ಮನೆಗೆ ನಾಯಿಗೆಂದು ಎಸಿ ಬಂತು. ಏಪ್ರಿಲ್ ತಿಂಗಳಲ್ಲಿ ಕರೆಂಟು ಹೋದಾಗ ಅವರು ಒದ್ದೆ ಗೋಣಿ ಹಾಸಿ, ಬೀಸಣಿಗೆ ಹಿಡಿದು ನಾಯಿಯ ಪಕ್ಕ ಕೂತಿರುತ್ತಿದ್ದರು. "ಇದಕ್ಕೆ ಮಂಜು ಬೇಕಂತೆ ಮಗಾ, ನಾನು ಎಲ್ಲಿಂದ ತರಲಿ?" ಎಂದು ಕೇಳಿದ್ದರು ಒಮ್ಮೆ.

ಹಸ್ಕಿ ಸೈಬೀರಿಯಾದ ಚುಕ್ಚಿ ಜನರು ಜಾರುಬಂಡಿ ಎಳೆಯಲೆಂದು ತಲೆಮಾರುಗಳ ಕಾಲ ಬೆಳೆಸಿದ ತಳಿ. 1925ರಲ್ಲಿ ಅಲಾಸ್ಕಾದ ನೋಮ್ ಎಂಬ ಪಟ್ಟಣದಲ್ಲಿ ಗಂಟಲಮಾರಿ ಹಬ್ಬಿದಾಗ ಈ ಬಗೆಯ ನಾಯಿಗಳ ತಂಡಗಳೇ ಸರದಿಯ ಮೇಲೆ ಸುಮಾರು 1085 ಕಿಲೋಮೀಟರು ಹಿಮದಲ್ಲಿ ಓಡಿ, ಆರು ದಿನದೊಳಗೆ ಔಷಧಿ ಮುಟ್ಟಿಸಿದವು. ಅಂಥ ವಂಶದ ಪ್ರಾಣಿಗೆ ಕೊರಳಿಗೆ ಪಟ್ಟಿ ಕಟ್ಟಿದೊಡನೆ ಗೊತ್ತಾಗುವುದು ಒಂದೇ, ಎಳೆಯಬೇಕು. ಬಾಯಮ್ಮನ ಕೈಯಲ್ಲಿದ್ದ ಹಗ್ಗವನ್ನೂ ಅದು ಹಾಗೇ ಎಳೆಯಿತು. ಗೇಟಿನ ಬಳಿ ಬಿದ್ದು ಮಣಿಕಟ್ಟಿನ ಮೂಳೆ ಮುರಿಯಿತು. ಅದರ ಮೈಯ ಎರಡು ಪದರದ ಕೂದಲು ಉದುರುವ ಕಾಲದಲ್ಲಿ ಅನ್ನದಲ್ಲಿ, ನೀರಿನಲ್ಲಿ, ಮಡಚಿಟ್ಟ ಸೀರೆಯಲ್ಲಿ ಎಲ್ಲೆಲ್ಲೂ ಕೂದಲು. ಒಂದೇ ಕೈಯಲ್ಲಿ ಗುಡಿಸುತ್ತಿದ್ದವರನ್ನು ನೋಡಿ ಓಣಿಯವರೇ ಮಗನಿಗೆ ಫೋನು ಮಾಡಿದರು.

ಆ ನಾಯಿ ಈಗ ಘಟ್ಟದ ಮೇಲಿನ ಕಾಫಿ ತೋಟವೊಂದರಲ್ಲಿದೆ. ಅಲ್ಲಿ ಓಡಲು ಜಾಗವಿದೆ, ಚಳಿಯೂ ಅಷ್ಟಿಷ್ಟು ಇದೆ. ನಾಯಿ ಇದ್ದಷ್ಟು ದಿನ ಮಗ ವಿಡಿಯೋ ಕರೆ ಮಾಡಿದಾಗಲೆಲ್ಲ ಮೊಬೈಲು ನಾಯಿಯ ಕಡೆಗೇ ತಿರುಗಿರುತ್ತಿತ್ತಂತೆ. ಈಗ ಅದನ್ನು ಎಲ್ಲಿಗೆ ಹಿಡಿಯುವುದೆಂದು ತೋಚುವುದಿಲ್ಲ ಎಂದು ಬಾಯಮ್ಮ ನಗುತ್ತಾರೆ. ಹೋದ ನಾಯಿಯ ನೆನಪಿಗೆ ಕಣ್ಣೊರೆಸಿಕೊಳ್ಳುವುದೂ ಉಂಟು.

ಕನಸು ಒಬ್ಬರದು, ನಾಯಿ ಇನ್ನೊಬ್ಬರ ಪಾಲಿಗೆ. ನಮ್ಮ ಊರುಗಳಲ್ಲಿ ಇದು ಹೊಸತಲ್ಲ. ಮರಿ ತರುವವರು ಗಂಡಸರು ಮತ್ತು ಮಕ್ಕಳು. ಅದರ ಉಚ್ಚೆ ಒರೆಸುವವರು, ಗಂಜಿ ಬೇಯಿಸುವವರು, ಮಳೆಯಲ್ಲಿ ಕೊಡೆ ಹಿಡಿದು ಹೊರಗೆ ಕರೆದೊಯ್ಯುವವರು ಯಾರೆಂದು ಪ್ರತಿ ಮನೆಯ ಹೆಂಗಸರಿಗೆ ಗೊತ್ತು.

ಒಂದೊಂದು ತಳಿಯ ಹಿಂದೆಯೂ ಒಂದೊಂದು ಕಸುಬು ಇದೆ ಎಂಬುದು ನಾವು ಮರೆಯುವ ಸಂಗತಿ. ಜರ್ಮನ್ ಶೆಫರ್ಡ್ ಹೆಸರೇ ಹೇಳುವಂತೆ ಕುರಿ ಕಾಯುವ ನಾಯಿ. 1899ರಲ್ಲಿ ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿ ಅಂಥದೊಂದು ನಾಯಿಯನ್ನು ಕೊಂಡು ತಳಿಗೆ ಬುನಾದಿ ಹಾಕಿದ. ಬೆಳಗಿನಿಂದ ಸಂಜೆವರೆಗೆ ಮಂದೆಯ ಸುತ್ತ ಓಡಬೇಕಾದ ನಾಯಿಯನ್ನು ಕಾರು ನಿಲ್ಲಿಸುವಲ್ಲಿ ಸರಪಳಿ ಹಾಕಿ ಕಟ್ಟಿದರೆ ಅದು ಹೋಗುವ ಬರುವ ಸ್ಕೂಟರುಗಳನ್ನೇ ಮಂದೆ ಎಂದುಕೊಳ್ಳುತ್ತದೆ. ಲ್ಯಾಬ್ರಡಾರ್ ಮೂಲತಃ ನ್ಯೂಫೌಂಡ್‌ಲ್ಯಾಂಡಿನ ಬೆಸ್ತರ ಸಂಗಾತಿ, ತಣ್ಣನೆಯ ಕಡಲಿಗೆ ಹಾರಿ ಬಲೆ ಎಳೆಯಲು, ಮೀನು ಹಿಡಿಯಲು ನೆರವಾಗುತ್ತಿದ್ದ ನಾಯಿಯ ವಂಶ. ಅದರ ಹೊಟ್ಟೆಬಾಕತನ ನಾಯಿ ಸಾಕಿದವರಿಗೆಲ್ಲ ಗೊತ್ತು. ಕೇಂಬ್ರಿಜ್ಜಿನ ವಿಜ್ಞಾನಿಗಳು 2016ರಲ್ಲಿ ಇದಕ್ಕೊಂದು ಕಾರಣ ಕಂಡುಹಿಡಿದರು. ಅವರು ಪರೀಕ್ಷಿಸಿದ ಲ್ಯಾಬ್ರಡಾರುಗಳಲ್ಲಿ ಸುಮಾರು ನಾಲ್ಕರಲ್ಲೊಂದಕ್ಕೆ ಹಸಿವಿಗೆ ಸಂಬಂಧಪಟ್ಟ ಜೀನಿನ ಒಂದು ತುಣುಕು ಇಲ್ಲ. ಪಾಪ, ಅದು ಬೂತಾಯಿ ತಲೆಗಾಗಿ ಅಡುಗೆಮನೆ ಬಾಗಿಲಲ್ಲಿ ಬೇಡುವುದು ನಾಟಕವಲ್ಲ. ಆದರೆ ಕೊಟ್ಟಷ್ಟನ್ನೂ ತಿಂದು ಬೊಜ್ಜು ಬಂದರೆ ಸೊಂಟದ ಕೀಲು ತಾಳುವುದಿಲ್ಲ.

"ಹಾಗಾದರೆ ನಮ್ಮದೇ ಮುಧೋಳ ನಾಯಿ ತರೋಣ" ಎಂದು ನಮ್ಮಲ್ಲಿ ಒಮ್ಮೆ ಸ್ವದೇಶಿ ಉತ್ಸಾಹ ಉಕ್ಕಿತು. ಅದರ ಹೆಮ್ಮೆ ಸಣ್ಣದಲ್ಲ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಉಳಿಸಿ ಬೆಳೆಸಿ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಉಡುಗೊರೆ ಕೊಟ್ಟ ತಳಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಮರಿಗಳು ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. ಅಪ್ಪಟ ನಮ್ಮದು ಎನ್ನುವ ಈ ನಾಯಿಯ ಮೈಕಟ್ಟು ನೋಡಿದರೆ ಅರಬರ ಸಲೂಕಿಯ ನೆನಪಾಗುತ್ತದೆ, ದಂಡುಗಳ ಜೊತೆ ಪಶ್ಚಿಮದಿಂದ ಬಂದ ನಾಯಿಗಳ ಸಂತತಿ ಎನ್ನುವವರಿದ್ದಾರೆ. ಇರಲಿ. ಆದರೆ ಮೊಲದ ಬೆನ್ನಟ್ಟಿ ಬಾಗಲಕೋಟೆಯ ಬಯಲಿನಲ್ಲಿ ಬಾಣದಂತೆ ಓಡುವ, ಮೈಯಲ್ಲಿ ಕೊಬ್ಬೇ ಇಲ್ಲದ, ಕಟ್ಟಿಹಾಕಿದರೆ ಕೊರಗುವ ಪ್ರಾಣಿಗೆ ನಮ್ಮ ಅಂಗಳ ಮೂರು ನೆಗೆತಕ್ಕೆ ಮುಗಿಯುತ್ತದೆ. ಕಂಪೌಂಡಿನ ಆಚೆ ಬೆಕ್ಕೊಂದು ಓಡಿದರೆ ನಾಲ್ಕನೆಯ ನೆಗೆತ ಹೆದ್ದಾರಿಗೆ. ನಮ್ಮ ಕರಾವಳಿಗೆ ಮುಧೋಳವೂ ಒಂದು ಬಗೆಯ ಪರದೇಶವೇ.

ತಳಿಯ ಶುದ್ಧಿ ಎಂಬುದರ ಒಳಗುಟ್ಟು ಬೇರೆ ಇದೆ. ಇಂಗ್ಲೆಂಡಿನಲ್ಲಿ ಕೆನಲ್ ಕ್ಲಬ್ ಹುಟ್ಟಿದ್ದು 1873ರಲ್ಲಿ. ನಾಯಿಗಳ ವಂಶಾವಳಿ ಬರೆದಿಡುವ, ಪಟ್ಟಿಯೊಳಗಿನ ಗಂಡಿಗೆ ಪಟ್ಟಿಯೊಳಗಿನ ಹೆಣ್ಣನ್ನೇ ಕೂಡಿಸುವ ಕಟ್ಟುಪಾಡು ಬಲಗೊಂಡದ್ದು ಆ ಕಾಲದಲ್ಲೇ. ಕುಲದೊಳಗೆ ಕುಲ ಬೆರೆತು ಬೆರೆತು ಒಂದು ತಳಿಗೆ ಸೊಂಟದ ರೋಗ, ಇನ್ನೊಂದಕ್ಕೆ ಕಿವುಡು, ಮತ್ತೊಂದಕ್ಕೆ ಹೃದಯದ ಕಾಯಿಲೆ ಗಟ್ಟಿಯಾಗಿ ಕೂತವು. 'ಚಾರ್ಲಿ' ಸಿನಿಮಾ ಹೇಳಿದ್ದೂ ಹತ್ತಿರದ ರಕ್ತಸಂಬಂಧದಲ್ಲೇ ಮರಿ ಹಾಕಿಸುವ ದಂಧೆಯ ಕ್ರೌರ್ಯವನ್ನು. ಅದನ್ನು ನೋಡಿ ಅತ್ತವರು ಮಾರನೆಯ ದಿನವೇ ಲ್ಯಾಬ್ರಡಾರ್ ಮರಿಯ ಬೆಲೆ ವಿಚಾರಿಸಿದ್ದು ನಮ್ಮ ಮನೆಯೊಂದರ ಕತೆಯಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು ಎಂದು 2017ರ ಕೇಂದ್ರ ನಿಯಮ ಹೇಳುತ್ತದೆ. ನಮಗೆ ತೋರಿಸಿದ ಮರಿಗೆ ತಿಂಗಳೂ ತುಂಬಿದಂತಿರಲಿಲ್ಲ. ತಾಯಿಯನ್ನು ನೋಡಬಹುದೇ ಎಂದು ಕೇಳಿದಾಗ ಮಾರುವವನು ಮಾತು ತಿರುಗಿಸಿದ. ನಾವು ಎದ್ದು ಬಂದೆವು.

ಉಳಿದದ್ದು ಖರ್ಚಿನ, ಹೊತ್ತಿನ ಲೆಕ್ಕ. ಆರೇಳು ವಾರಕ್ಕೆ ಪಾರ್ವೋ ಮುಂತಾದವುಗಳ ಮೊದಲ ಸೂಜಿ, ಆಮೇಲೆ ಮತ್ತೆ ಮತ್ತೆ, ಮೂರು ತಿಂಗಳಿಗೆ ರೇಬಿಸ್, ಅದು ಪ್ರತಿ ವರ್ಷ. ನಮ್ಮಂಥ ಮಳೆನಾಡಿನಲ್ಲಿ ಇಲಿಜ್ವರದ ಲಸಿಕೆ ಬಿಡುವಂತಿಲ್ಲ, ಯಾಕೆಂದರೆ ನಿಂತ ನೀರು ನೆಕ್ಕುವ ನಾಯಿಗೆ ಬಂದರೆ ಮನೆಯವರಿಗೂ ಬಂದೀತು. ಉಣ್ಣಿಯ ಕಾಟ ಬೇರೆ. ಕಿವಿಯ ಸಂದು, ಬೆರಳಿನ ಸಂದು ನೋಡಿ ಹೆಕ್ಕುತ್ತಲೇ ಇರಬೇಕು, ಉಣ್ಣಿಜ್ವರಕ್ಕೆ ಗಟ್ಟಿಮುಟ್ಟಾದ ನಾಯಿಯೂ ಹದಿನೈದು ದಿನದಲ್ಲಿ ಸೊರಗುತ್ತದೆ. ದಿನಕ್ಕೆ ಎರಡು ಬಾರಿ ನಡೆಸಿದರೆ ವರ್ಷಕ್ಕೆ 730 ನಡಿಗೆ. ನಾಯಿ ಹನ್ನೆರಡು ವರ್ಷ ಬದುಕಿದರೆ 8760. ಮದುವೆಗೆ, ಮರಣಕ್ಕೆ ಊರಿಗೆ ಹೋಗುವಾಗ ಮನೆಯಲ್ಲಿ ಯಾರು? ಕಾಲೇಜಿನವನು ಇನ್ನೆರಡು ವರ್ಷಕ್ಕೆ ಬೆಂಗಳೂರಿಗೋ ದುಬೈಗೋ ಹೋಗುವವನು. ಅವನ ಕನಸಿನ ನಾಯಿಗೆ ಆಗ ಎರಡು ವರ್ಷ, ಅಜ್ಜಿಗೆ ಎಪ್ಪತ್ತಾರು.

ನೆರೆಹೊರೆಯದೂ ಒಂದು ಲೆಕ್ಕ. ಎದುರುಮನೆಯ ಹಾಜಿಯವರಲ್ಲಿ ಮೊದಲೇ ಒಂದು ಮಾತು ಕೇಳೋಣ ಎಂದು ಹೋದೆವು. ಅವರು ಚಹಾ ಕೊಟ್ಟು, ನಾಯಿಯ ಬಗ್ಗೆ ತಮಗಿರುವುದು ದ್ವೇಷವಲ್ಲ, ನಿಯಮ ಎಂದರು. ಎಂಜಲು ತಾಗಿದರೆ ಬಟ್ಟೆ ತೊಳೆಯದೆ ನಮಾಜಿಗೆ ನಿಲ್ಲುವಂತಿಲ್ಲ, ಆದ್ದರಿಂದ ನಸುಕಿನಲ್ಲಿ ಮಸೀದಿಗೆ ಹೋಗುವವರ ಹೊತ್ತಿಗೆ ಹಗ್ಗ ಗಿಡ್ಡ ಹಿಡಿಯಿರಿ, ಸಾಕು. ಆಮೇಲೆ, ಬಾಯಾರಿ ಕೆಸರು ನೆಕ್ಕುತ್ತಿದ್ದ ನಾಯಿಗಾಗಿ ಬಾವಿಗಿಳಿದು ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ ತಂದವನಿಗೆ ಪಾಪಕ್ಷಮೆಯಾಯಿತು ಎಂದು ಪ್ರವಾದಿಯವರು ಹೇಳಿದ ಕತೆಯನ್ನು ಹೇಳಿದರು. "ಆ ನಾಯಿ ಯಾವ ಜಾತಿ ಅಂತ ಹದೀಸಿನಲ್ಲಿ ಇಲ್ಲ" ಎಂದು ನಕ್ಕರು. ಹಾಜಿಯವರ ಮಾವಿನಮರದ ಬುಡದಲ್ಲಿ ಹೆಂಚಿನ ತುಂಡೊಂದರಲ್ಲಿ ಓಣಿಯ ನಾಯಿಗಳಿಗೆಂದು ನೀರು ಇರುವುದನ್ನು ನಾವು ನೋಡಿದ್ದು ಅವತ್ತೇ.

ಓಣಿಯ ನಾಯಿಗಳ ಬಗ್ಗೆ ಹೇಳುವಾಗ ಭಾವುಕರಾಗುವುದು ನಮಗೆ ಇಷ್ಟವಿಲ್ಲ. ಬೀದಿನಾಯಿ ಕಚ್ಚಿದ ಮಗುವಿನ ತಾಯಿಗೆ ಕರುಣೆಯ ಪಾಠ ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ನಮ್ಮ ಕಂತ್ರಿ ಮರಿಗೆ ಲಸಿಕೆ ಹಾಕಿಸಿ, ಸಂತಾನಹರಣ ಚಿಕಿತ್ಸೆ ಮಾಡಿಸಿ, ಮನೆಯದೆಂದು ಸಾಕಿದರೆ ಈ ಸೆಕೆಗೆ, ಈ ಮಳೆಗೆ, ನಮ್ಮ ಕುಚ್ಚಲಕ್ಕಿ ಗಂಜಿಗೆ ಅದು ಹೊಂದಿಕೊಂಡಷ್ಟು ಬೇರೆ ಯಾವುದೂ ಹೊಂದದು. ಅಜ್ಜಿಯ ಎರಡು ಷರತ್ತನ್ನೂ ಅದು ಪೂರೈಸುತ್ತದೆ. ಚಿಕ್ಕವಳು ಪಗ್ಗನ್ನು ಬಿಟ್ಟು ಈ ಕಡೆ ಬಂದಿದ್ದಾಳೆ. ಜರ್ಮನ್ ಶೆಫರ್ಡಿನವರು ಇನ್ನೂ ಒಪ್ಪಿಲ್ಲ. "ನಾಲ್ಕು ಜನ ನೋಡುವ ಹಾಗೆ ಇರಬೇಡವೇ?" ಎನ್ನುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದದ್ದು. ಜಾತಿ ನಾಯಿ ಸಾಕುವವರಲ್ಲಿ ಹಲವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಸದ್ಯಕ್ಕೆ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇವೆ. ಬೆಳಗಿನ ನಡಿಗೆ, ಸಂಜೆಯ ನಡಿಗೆ, ಊಟ, ಸ್ನಾನ, ಡಾಕ್ಟರು ಎಂದು ಐದು ಕಾಲಂ, ಹನ್ನೆರಡು ತಿಂಗಳು. ಯಾವ ನಾಯಿ ಎಂಬುದು ಹಾಳೆ ತುಂಬಿದ ಮೇಲೆ. ಸಂಜೆಯ ನಡಿಗೆಗೆ ಚಿಕ್ಕವಳು ಬಣ್ಣದ ಪೆನ್ಸಿಲಿನಲ್ಲಿ ತನ್ನ ಹೆಸರು ಬರೆದಿದ್ದಾಳೆ. ಊಟದ ಕಾಲಮ್ಮಿನಲ್ಲಿ ಅಜ್ಜಿಯ ಹೆಸರನ್ನು ಯಾರೋ ಅವರನ್ನು ಕೇಳದೆ ಬರೆದಿದ್ದರು, ಅವರೇ ಅದನ್ನು ಹೊಡೆದುಹಾಕಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬೆಳಗಿನ ನಡಿಗೆಗೆ ಇನ್ನೂ ಯಾರೂ ಹೆಸರು ಬರೆದಿಲ್ಲ.