ತುಪ್ಪದ ಮಿಳ್ಳೆಯೂ ದೊಡ್ಡಮ್ಮನ ಅಂಗೈಯೂ

ಬೆಣ್ಣೆಯ ಮೇಲೆ ಅಪವಾದ ಬಂದರೆ ಅಜ್ಜಂಪುರದವರು ಸುಮ್ಮನಿರುವುದು ಕಷ್ಟ. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತಲ್ಲ, ಆ ಉದ್ದಕೊಂಬಿನ ದನಗಳ ವಂಶ ಇವತ್ತಿಗೂ ಇಲ್ಲಿನ ತಳಿ ಸಂವರ್ಧನ ಕೇಂದ್ರದಲ್ಲಿ ಬಾಳುತ್ತಿದೆ. ಇಂಥ ಊರಿನಲ್ಲಿ ನಮ್ಮ ದೊಡ್ಡಮ್ಮ ತುಪ್ಪದ ಮಿಳ್ಳೆ ಕಂಡರೆ ತಟ್ಟೆಗೆ ಅಂಗೈ ಅಡ್ಡ ಹಿಡಿಯುತ್ತಾರೆ: “ಬ್ಯಾಡ ಕಣೇ, ಜಿಡ್ಡು ತಿಂದ್ರೆ ಎದೇಲಿ ಗಂಟಾಗುತ್ತಂತೆ.”

ಇದೇ ದೊಡ್ಡಮ್ಮನ ಅತ್ತೆ, ಅಂದರೆ ನಮ್ಮಜ್ಜಿ, ಕಡೆಯುವಾಗ ಮಜ್ಜಿಗೆಯ ಸದ್ದು ದಪ್ಪವಾದದ್ದೇ ಒಂದು ಚೊಂಬು ತಣ್ಣೀರು ಸುರಿದು, ಕಡಗೋಲಿಗೆ ಅಂಟಿದ ಬೆಣ್ಣೆಯನ್ನು ಎರಡು ಬೆರಳಲ್ಲಿ ಬಳಿದು ನಮ್ಮ ರಾಗಿರೊಟ್ಟಿಯ ಮೇಲಿಡುತ್ತಿದ್ದಳು. ಅದು ಕರಗಿ ಮೊಣಕೈವರೆಗೆ ಇಳಿಯುತ್ತಿತ್ತು. ಆ ನವನೀತಕ್ಕೆ ಅರ್ಬುದದ ಆರೋಪ ಹೊರಿಸುವ ಮೊದಲು ಸಾಕ್ಷಿ ಕೇಳಬೇಡವೇ?

ಸಾಕ್ಷಿ ಹುಟ್ಟಿದ್ದು ದೇಶದೇಶಗಳ ಅಂಕಿ ಹೋಲಿಸಿದಾಗ. ಕೊಬ್ಬು ಹೆಚ್ಚು ತಿನ್ನುವ ದೇಶಗಳಲ್ಲಿ ಸ್ತನ ಕ್ಯಾನ್ಸರೂ ಹೆಚ್ಚು ಎಂದು 1975ರ ಒಂದು ಅಧ್ಯಯನ ತೋರಿಸಿತು. ಆದರೆ ಆ ದೇಶಗಳ ಹೆಂಗಸರು ಹೆರುವ ವಯಸ್ಸು, ಮಕ್ಕಳ ಸಂಖ್ಯೆ, ಎದೆಹಾಲೂಡುವ ಕಾಲ, ಮೈಮುರಿಯುವ ಕೆಲಸ ಎಲ್ಲವೂ ಬೇರೆಯೇ. ಅಮೆರಿಕದಲ್ಲಿ ಮುಟ್ಟು ನಿಂತ 48,835 ಹೆಂಗಸರಲ್ಲಿ ಕೆಲವರಿಗೆ ಜಿಡ್ಡು ಕಡಿಮೆ ಮಾಡಿಸಿ, ಸುಮಾರು 8 ವರ್ಷ ಕಾದು, 2006ರಲ್ಲಿ ಫಲಿತಾಂಶ ಹೇಳಿದರು: ಆ ಗುಂಪಿನಲ್ಲಿ ಕಾಯಿಲೆ ಶೇ. 9ರಷ್ಟು ಕಡಿಮೆ, ಆದರೆ ಅದು ಆಕಸ್ಮಿಕವೂ ಇರಬಹುದಾದಷ್ಟು ಸಣ್ಣ ಅಂತರ. ಮುಂದಿನ ವರ್ಷಗಳಲ್ಲಿ ಈ ಕಾಯಿಲೆ ಬಂದು ತೀರಿಕೊಂಡವರೂ ಆ ಗುಂಪಿನಲ್ಲಿ ಕಡಿಮೆಯೇ ಇದ್ದರು. ಅವರು ಹಣ್ಣು, ತರಕಾರಿಯನ್ನೂ ಹೆಚ್ಚಿಗೆ ತಿಂದಿದ್ದರು, ಯಶಸ್ಸು ಯಾವುದರದೋ.

ತಟ್ಟೆಯ ಕೊಬ್ಬಿಗಿಂತ ಮೈಯ ಕೊಬ್ಬಿನ ಮೇಲೆ ಸಾಕ್ಷ್ಯ ಬಲವಾಗಿದೆ. ಮುಟ್ಟು ನಿಂತು ಅಂಡಾಶಯ ವಿಶ್ರಾಂತಿಗೆ ಹೋದಾಗ ಈಸ್ಟ್ರೋಜನ್ ತಯಾರಿಯನ್ನು ಮೈಯ ಕೊಬ್ಬೇ ವಹಿಸಿಕೊಳ್ಳುತ್ತದೆ. ಬಹಳಷ್ಟು ಸ್ತನ ಕ್ಯಾನ್ಸರುಗಳು ಬೆಳೆಯುವುದು ಆ ಹಾರ್ಮೋನಿನ ಬಲದಿಂದ. ಹಾಗಾಗಿ ದೊಡ್ಡಮ್ಮ ಒಂದು ಚಮಚ ತುಪ್ಪ ಹಾಕಿಸಿಕೊಳ್ಳಲಿ. ಸಂಜೆ ಸ್ಟೇಷನ್ನಿನವರೆಗೆ ನಡೆದುಬರಲಿ, ತೂಕ ಏರದಂತೆ ನೋಡಿಕೊಳ್ಳಲಿ.

ನನ್ನ ಚಿಂತೆ ಇರುವುದು ತುಪ್ಪದ ಬಗ್ಗೆ ಅಲ್ಲ. ತುಪ್ಪ ಬಿಟ್ಟೆನಲ್ಲ, ಇನ್ನು ಭಯವಿಲ್ಲ ಎಂದು ನಂಬಿದವರು ಕೈಗೆ ಸಿಕ್ಕ ಗಂಟನ್ನು ಸೆರಗಿನೊಳಗೇ ಮುಚ್ಚಿಟ್ಟುಕೊಳ್ಳುತ್ತಾರೆ. ಈ ಗಂಟು ಮೊದಮೊದಲು ನೋಯುವುದು ಕಡಿಮೆ, ಅದಕ್ಕೇ ಮೋಸ. ಅಕ್ಕಂದಿರೇ, ಗಂಟು ಸಿಕ್ಕರೆ, ಚರ್ಮ ಒಳಗೆ ಎಳೆದಂತಾದರೆ, ತೊಟ್ಟಿನಿಂದ ರಕ್ತ ಕಂಡರೆ, ಈರುಳ್ಳಿ ಕಿತ್ತಾದ ಮೇಲೆ ಹೋದರಾಯಿತು ಎನ್ನಬೇಡಿ. ಆ ವಾರವೇ ಡಾಕ್ಟರಿಗೆ ತೋರಿಸಿ.