ಎರಡು ಜರ್ಸಿ

ಲುಹರ್ ನಮಾಝ್ ಮುಗಿಸಿ ಊಟದ ಡಬ್ಬಿ ತೆರೆಯುವ ಹೊತ್ತಿಗೆ ನಮ್ಮ ಕ್ಲಾಸಿನಲ್ಲಿ ಜಗಳ ಶುರುವಾಗಿರುತ್ತದೆ. ವಿಷಯ ಒಂದೇ, ಆರ್‌ಸಿಬಿ ಮತ್ತು ಸಿಎಸ್‌ಕೆ. ಮೊನ್ನೆ ಒಬ್ಬ, "ಎರಡೂ ಟೀಮಿಗೆ ಆಡಿದವರ ಹೆಸರು ಹೇಳಿ ನೋಡುವ" ಎಂದು ಸವಾಲು ಹಾಕಿದ. ಅಕೌಂಟೆನ್ಸಿ ನೋಟ್ಸಿನ ಹಿಂದಿನ ಪುಟದಲ್ಲಿ ಪಟ್ಟಿ ಬೆಳೆಯಿತು: ಮುರಳೀಧರನ್, ಪಾರ್ಥಿವ್ ಪಟೇಲ್, ಆಲ್ಬಿ ಮಾರ್ಕೆಲ್, ನಮ್ಮ ಕೊಡಗಿನ ರಾಬಿನ್ ಉತ್ತಪ್ಪ, ಶೇನ್ ವಾಟ್ಸನ್, ಫಾಫ್ ಡುಪ್ಲೆಸಿ, ಮೊಯೀನ್ ಅಲಿ, ಶಿವಂ ದುಬೆ, ಜೋಶ್ ಹೇಜಲ್‌ವುಡ್. ಪಟ್ಟಿಯ ಮೇಲೆ ಇನ್ನೊಬ್ಬ ದಪ್ಪ ಅಕ್ಷರದಲ್ಲಿ "ದ್ರೋಹಿಗಳು" ಎಂದು ಬರೆದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಅಂಥ ಪಟ್ಟಿಯೊಂದನ್ನು ನಮ್ಮೂರಿನಲ್ಲಿ ಮಾಡಿದರೆ ಅದರಲ್ಲಿ ನನ್ನ ಹೆಸರೂ ಇರುತ್ತದೆ.

ನನ್ನ ಊರು ಕೊಟ್ಟಿಗೆಹಾರ. ಚಾರ್ಮಾಡಿ ಘಾಟಿ ಹತ್ತಿ ಬಂದವರು ನೀರುದೋಸೆ ತಿನ್ನಲು ಇಳಿಯುವ ಊರು ಎಂದರೆ ಎಲ್ಲರಿಗೂ ಗೊತ್ತು. ಇಳಿದವರು ಮಂಜಿನ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆ ಮಂಜಿನಲ್ಲೇ ನಾವು ಕ್ರಿಕೆಟ್ ಆಡುವುದು ಅವರಿಗೆ ಗೊತ್ತಿಲ್ಲ. ಬೆಳಿಗ್ಗೆ ಎಷ್ಟೋ ಸಲ ಬೌಂಡರಿಯಲ್ಲಿ ನಿಂತವನಿಗೆ ಬ್ಯಾಟ್ಸ್‌ಮನ್ ಕಾಣುವುದಿಲ್ಲ, ಬ್ಯಾಟಿನ ಸದ್ದು ಕೇಳಿ ಓಡಬೇಕು. ಎಂಟನೇ ಕ್ಲಾಸಿನಿಂದ ನಾನು ಊರಿನ ಟೀಮಿನಲ್ಲಿದ್ದೆ. ಎಡಗೈ ಬೌಲರ್. ನನಗೆ ಯಾರ್ಕರ್ ಹಾಕುವುದನ್ನು ಕಲಿಸಿದ್ದು ನಮ್ಮ ಕ್ಯಾಪ್ಟನ್. ನನಗಿಂತ ನಾಲ್ಕು ವರ್ಷ ದೊಡ್ಡವನು. ಸ್ಟಂಪಿನ ಬುಡದಲ್ಲಿ ತನ್ನ ಚಪ್ಪಲಿ ಇಟ್ಟು, "ಇದಕ್ಕೆ ಹೊಡಿ ಮಾರಾಯ, ಹೊಡೆಯುವವರೆಗೆ ಮನೆಗೆ ಹೋಗಲಿಕ್ಕಿಲ್ಲ" ಎನ್ನುತ್ತಿದ್ದ. ಆ ಚಪ್ಪಲಿ ಹರಿದದ್ದು ನನ್ನಿಂದಲೇ.

ಕಳೆದ ವರ್ಷ ಉಪ್ಪನಿಗೆ ಪಕ್ಕದೂರಿನ ಕಾಫಿ ಎಸ್ಟೇಟಿನಲ್ಲಿ ರೈಟರ್ ಕೆಲಸ ಸಿಕ್ಕಿತು. ಇರಲು ಮನೆಯನ್ನೂ ಕೊಟ್ಟರು. ಬಾಡಿಗೆ ಉಳಿಯುತ್ತದೆಂದು ಉಮ್ಮನಿಗೆ ಸಂತೋಷ. ಪಕ್ಕದೂರಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಈ ಪತ್ರಿಕೆ ಅಲ್ಲಿಗೂ ಹೋಗುತ್ತದೆ! ಅಲ್ಲಿಯ ಟೀಮಿಗೂ ನಮ್ಮೂರಿನ ಟೀಮಿಗೂ ಯಾವತ್ತೂ ಆಗಿಬಂದದ್ದಲ್ಲ, ಇಷ್ಟು ಹೇಳಿದರೆ ಸಾಕು. ನಾವು ಹೋದ ಎರಡನೇ ವಾರವೇ ಅಲ್ಲಿಯ ಹುಡುಗರು ಮನೆಗೆ ಬಂದರು. "ಇನ್ನು ನೀನು ನಮ್ಮ ಊರಿನವನಲ್ಲವಾ" ಎಂದರು. ನಮ್ಮ ಕಡೆಯ ಟೂರ್ನಿಗಳಲ್ಲಿ ವಾಸ ಇರುವ ಊರಿಗೆ ಆಡಬೇಕು, ಹೊರಗಿನವರನ್ನು ಸೇರಿಸಬಾರದು ಎಂಬ ನಿಯಮ ಇಡುವುದುಂಟು. ಹಾಗಾಗಿ ಆಡದೆ ಕೂರುವುದು ಅಥವಾ ಅವರಿಗೆ ಆಡುವುದು, ಇವೆರಡೇ ದಾರಿ. ಕ್ಯಾಪ್ಟನ್‌ಗೆ ಫೋನ್ ಮಾಡಿ ಹೇಳಿದೆ. "ಆಡು, ಅದಕ್ಕೇನು" ಎಂದ. ಮತ್ತೆ ಒಂದು ತಿಂಗಳು ಅವನು ಫೋನ್ ಮಾಡಲಿಲ್ಲ.

ದೊಡ್ಡ ಆಟಗಾರರಿಗೆ ಇದು ಸುಲಭ, ಅವರು ಹರಾಜಿನಲ್ಲಿ ಹೋಗುವವರು, ದುಡ್ಡಿಗೆ ಆಡುವವರು ಎಂದು ನಾನೂ ಅಂದುಕೊಂಡಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ವಾಟ್ಸನ್‌ನನ್ನೇ ನೋಡಿ. 2016ರ ಫೈನಲ್ ಚಿನ್ನಸ್ವಾಮಿಯಲ್ಲಿ, ಎದುರಾಳಿ ಹೈದರಾಬಾದ್. ಆರ್‌ಸಿಬಿ ಪರ ವಾಟ್ಸನ್ 4 ಓವರಿಗೆ 61 ರನ್ ಕೊಟ್ಟ, ಕೊನೆಯ ಒಂದು ಓವರಿನಲ್ಲೇ 24. ನಾವು ಸೋತದ್ದು 8 ರನ್ನಿನಿಂದ. ನಾನು ಆಗ ಸಣ್ಣವನು, ಮಾಮ ರಿಮೋಟನ್ನು ಸೋಫಾದ ಮೇಲೆ ಎಸೆದದ್ದು ಮಾತ್ರ ನೆನಪಿದೆ. ಎರಡು ವರ್ಷ ಬಿಟ್ಟು 2018ರ ಫೈನಲ್, ಅದೇ ಹೈದರಾಬಾದ್, ಅದೇ ವಾಟ್ಸನ್, ಆದರೆ ಹಳದಿ ಜರ್ಸಿ. ಮೊದಲ ಹತ್ತು ಬಾಲಿಗೆ ಒಂದು ರನ್ನೂ ಇಲ್ಲ. ಆಮೇಲೆ 57 ಬಾಲಿಗೆ 117, ಔಟೇ ಆಗಲಿಲ್ಲ. ಮಾಮ ಇವತ್ತಿಗೂ ಆ ಹೆಸರು ಕೇಳಿದರೆ ಮುಖ ತಿರುಗಿಸುತ್ತಾನೆ. "ನಮಗೆ ಆಡಬೇಕಾದದ್ದನ್ನು ಅವರಿಗೆ ಆಡಿದ" ಎನ್ನುತ್ತಾನೆ. ಆ ಹತ್ತು ಬಾಲುಗಳ ಹೊತ್ತಿಗೆ ವಾಟ್ಸನ್‌ನ ತಲೆಯಲ್ಲಿ ಏನಿತ್ತೋ ಎಂದು ನಾನು ಯೋಚಿಸುತ್ತೇನೆ.

2022ರ ಏಪ್ರಿಲ್ 12ರ ಪಂದ್ಯ ಇನ್ನೂ ವಿಚಿತ್ರ. ನವಿ ಮುಂಬೈಯಲ್ಲಿ ಆಟ. ಆರ್‌ಸಿಬಿಯ ಕ್ಯಾಪ್ಟನ್ ಡುಪ್ಲೆಸಿ, ಹಿಂದಿನ ವರ್ಷದವರೆಗೆ ಚೆನ್ನೈಯವನು. ಆ ಕಡೆ ಚೆನ್ನೈಗೆ ಉತ್ತಪ್ಪ 50 ಬಾಲಿಗೆ 88, ದುಬೆ 46 ಬಾಲಿಗೆ ಔಟಾಗದೆ 95. ಇಬ್ಬರೂ ಒಂದು ಕಾಲಕ್ಕೆ ಆರ್‌ಸಿಬಿಯವರೇ. ಚೆನ್ನೈ 216 ಹೊಡೆದು 23 ರನ್ನಿನಿಂದ ಗೆದ್ದಿತು. ಅಂದರೆ ನಮ್ಮನ್ನು ಸೋಲಿಸಿದ್ದು ನಮ್ಮ ಹಳಬರು, ನಮ್ಮನ್ನು ನಡೆಸಿದ್ದು ಅವರ ಹಳಬ. ಇದರಲ್ಲಿ ದ್ರೋಹಿ ಯಾರು ಎಂದು ಪಟ್ಟಿ ಬರೆದವನನ್ನು ಕೇಳಿದೆ. "ಅದು ಬೇರೆ" ಎಂದ. ಅದೇ ಡುಪ್ಲೆಸಿ 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ತನ್ನ ಹಳೆಯ ಟೀಮಿನ ಎದುರು 54 ಹೊಡೆದು, ಸ್ಯಾಂಟ್ನರ್‌ನ ಕ್ಯಾಚನ್ನು ಹಾರಿ ಒಂದೇ ಕೈಯಲ್ಲಿ ಹಿಡಿದಾಗ ಇದೇ ಹುಡುಗ ಬೆಂಚಿನ ಮೇಲೆ ಹತ್ತಿ ಕುಣಿದಿದ್ದ ಎಂಬುದಕ್ಕೆ ಇಡೀ ಕ್ಲಾಸು ಸಾಕ್ಷಿ. ಆ ರಾತ್ರಿ ಆರ್‌ಸಿಬಿ ಪ್ಲೇಆಫ್‌ಗೆ ಹೋಯಿತು, ಚೆನ್ನೈ ಮನೆಗೆ.

ಆದರೆ ನನಗೆ ಹತ್ತಿರ ಎನಿಸುವುದು ಕರುಣ್ ನಾಯರ್. 2015ರ ರಣಜಿ ಫೈನಲಿನಲ್ಲಿ ತಮಿಳುನಾಡಿನ ಎದುರು ಕರ್ನಾಟಕಕ್ಕೆ 328 ಹೊಡೆದವನು. ಕರ್ನಾಟಕ ಟೀಮಿನಲ್ಲಿ ಜಾಗ ಹೋದ ಮೇಲೆ ವಿದರ್ಭಕ್ಕೆ ಹೋದ. 2025ರ ಜನವರಿಯಲ್ಲಿ ವಿಜಯ್ ಹಜಾರೆ ಫೈನಲ್ ಬಂದಾಗ ಎದುರಿಗೆ ಕರ್ನಾಟಕ. ಅಲ್ಲಿಯವರೆಗೆ ಆ ಟೂರ್ನಿಯಲ್ಲಿ 752 ರನ್ ಹೊಡೆದಿದ್ದ, ಔಟಾದದ್ದು ಒಂದೇ ಸಲ. ಫೈನಲಿನಲ್ಲಿ ಮಾತ್ರ 27ಕ್ಕೆ ಪ್ರಸಿದ್ಧ್ ಕೃಷ್ಣನ ಬಾಲಿಗೆ ಬೌಲ್ಡ್. ಕರ್ನಾಟಕ 36 ರನ್ನಿನಿಂದ ಗೆದ್ದಿತು. ನಾನು ಕರ್ನಾಟಕ ಗೆಲ್ಲಲಿ ಎಂದೂ ಬಯಸಿದ್ದೆ, ಕರುಣ್ ಹೊಡೆಯಲಿ ಎಂದೂ ಬಯಸಿದ್ದೆ. ಎರಡನ್ನೂ ಹೇಗೆ ಒಟ್ಟಿಗೆ ಬಯಸಿದೆನೋ ಗೊತ್ತಿಲ್ಲ.

ನನ್ನ ಫೈನಲ್ ಬಂದದ್ದು ಅದೇ ವರ್ಷ ರಂಜಾನ್ ಹಬ್ಬ ಕಳೆದ ಮೇಲೆ. ಆರು ಓವರಿನ ಟೆನಿಸ್ ಬಾಲ್ ಟೂರ್ನಿ. ಎದುರಿಗೆ ಕೊಟ್ಟಿಗೆಹಾರ.

ಆಟಕ್ಕೆ ಮೊದಲು ನಾವು ತೋಟದ ಬದಿಯಲ್ಲಿ ಗುಂಪಾಗಿ ನಿಂತಾಗ ಹೊಸ ಟೀಮಿನವರು ನನ್ನನ್ನು ಕೇಳಿದರು, "ಅವರ ಕ್ಯಾಪ್ಟನ್‌ಗೆ ಏನು ಹಾಕಬೇಕು?" ಉತ್ತರ ನನಗೆ ಗೊತ್ತಿತ್ತು. ಕಾಲಿನ ಮೇಲೆ ನಿಧಾನದ ಬಾಲ್ ಬಿದ್ದರೆ ಅವನು ಬೇಗ ಬ್ಯಾಟ್ ಬೀಸುತ್ತಾನೆ, ಬಾಲ್ ಮೇಲಕ್ಕೆ ಹೋಗುತ್ತದೆ. ಇದು ಇಡೀ ಜಗತ್ತಿನಲ್ಲಿ ಅವನಿಗೆ ಮತ್ತು ನನಗೆ ಮಾತ್ರ ಗೊತ್ತಿದ್ದ ಸಂಗತಿ. ಒಂದು ಸಂಜೆ ಅವನೇ ಹೇಳಿಕೊಂಡಿದ್ದ. ನಾನು ಹೇಳಿಬಿಟ್ಟೆ. ಹೇಳುವಾಗ ಏನೂ ಅನಿಸಲಿಲ್ಲ. ಹೇಳಿದ ಮೇಲೆ ನೀರು ಕುಡಿಯಲು ಹೋದೆ, ಬಾಟಲಿಯ ಮುಚ್ಚಳ ತೆಗೆಯಲು ಆಗಲಿಲ್ಲ.

ಕೊನೆಯ ಓವರ್ ನನಗೇ ಕೊಟ್ಟರು. ಬೇಕಾದದ್ದು 9 ರನ್. ಮೈಕಿನಲ್ಲಿ ಕಾಮೆಂಟರಿ ಹೇಳುತ್ತಿದ್ದವರು, "ನಿನ್ನೆಯವರೆಗೆ ಕೊಟ್ಟಿಗೆಹಾರದ ಹುಡುಗ, ಇವತ್ತು ಕೊಟ್ಟಿಗೆಹಾರದ ಎದುರು!" ಎಂದರು. ಬೌಂಡರಿಯಿಂದ ಯಾರೋ ನನ್ನನ್ನು ಏನೋ ಕರೆದರು. ಆ ಶಬ್ದ ಇಲ್ಲಿ ಬೇಡ, ಪ್ರಿನ್ಸಿಪಾಲರೂ ಓದುತ್ತಾರೆ. ನಾಲ್ಕು ಬಾಲಿಗೆ 5 ರನ್ ಹೋಯಿತು. ಎರಡು ಬಾಲ್, 4 ರನ್, ಕ್ರೀಸಿನಲ್ಲಿ ಕ್ಯಾಪ್ಟನ್. ನಮ್ಮ ಕೀಪರ್ ಗ್ಲೌಸಿನಿಂದ ನಿಧಾನ ಎಂದು ಸನ್ನೆ ಮಾಡಿದ. ನಾನು ತಲೆಯಾಡಿಸಿದೆ. ಓಡಿ ಬಂದೆ. ಕೈ ಎತ್ತುವವರೆಗೂ ನಿಧಾನವೇ ಹಾಕುವುದೆಂದಿತ್ತು. ಹಾಕಿದ್ದು ಮಾತ್ರ ಜೋರು, ಅದೂ ಆಫ್ ಸ್ಟಂಪಿನ ಹೊರಗೆ. ಅವನು ಪಾಯಿಂಟ್ ಮೇಲಿಂದ ಕಳಿಸಿದ. ಬಾಲ್ ಕಾಫಿ ಗಿಡಗಳ ಒಳಗೆ ಹೋಯಿತು.

"ಸ್ಲೋ ಬಾಲ್ ಎಲ್ಲಿ ಹೋಯಿತು?" ಎಂದು ಹೊಸ ಟೀಮಿನ ಹುಡುಗನೊಬ್ಬ ಕೇಳಿದ. ಇನ್ನೊಬ್ಬ ಏನೂ ಕೇಳಲಿಲ್ಲ, ನೋಡಿದ ಅಷ್ಟೇ. ಕೈ ಜಾರಿತು ಎಂದೆ. ಜಾರಿತ್ತೋ, ಜಾರಿಸಿದೆನೋ, ಅಲ್ಲಾಹನಿಗೇ ಗೊತ್ತು. ನಾನು ಎಷ್ಟೋ ರಾತ್ರಿ ಆ ಬಾಲನ್ನು ಮತ್ತೆ ಹಾಕಿ ನೋಡಿದ್ದೇನೆ. ಬೇಕೆಂದೇ ಸೋಲಿಸಿದೆ ಎಂದು ಅವರು ಅಂದುಕೊಂಡಿರಬಹುದು. ಗುಟ್ಟು ಬಿಟ್ಟುಕೊಟ್ಟೆ ಎಂದು ಇವನಿಗೆ ಗೊತ್ತಾದರೆ? ಒಂದೇ ದಿನ ಎರಡೂ ಕಡೆ ಕೆಟ್ಟವನಾದೆ. ವಾಟ್ಸನ್‌ಗಾದರೂ ಅದಕ್ಕೆ ಎರಡು ವರ್ಷ ಸಿಕ್ಕಿತ್ತು.

ಜೂನ್ 3ರ ರಾತ್ರಿ ಐಪಿಎಲ್ ಫೈನಲ್ ನೋಡಲು ನಾನು ಕೊಟ್ಟಿಗೆಹಾರಕ್ಕೆ ಹೋದೆ. ಕ್ಯಾಪ್ಟನೇ ಕರೆದಿದ್ದ. ಮಳೆ, ಕರೆಂಟ್ ಇಲ್ಲ, ಅವನ ಮೊಬೈಲಿನಲ್ಲಿ ಏಳು ಜನ ತಲೆ ತೂರಿಸಿ ನೋಡಿದೆವು. ಕೊನೆಯ ಓವರಿಗೆ ಪಂಜಾಬಿಗೆ 29 ಬೇಕು, ಬಾಲ್ ಹೇಜಲ್‌ವುಡ್ ಕೈಯಲ್ಲಿ. ಮೊದಲ ಎರಡು ಬಾಲಿಗೆ ರನ್ ಇಲ್ಲ. ಆಮೇಲೆ ಶಶಾಂಕ್ ಸಿಂಗ್ ಬೇಕಾದ ಹಾಗೆ ಹೊಡೆದರೂ 6 ರನ್ ಉಳಿಯಿತು. ಎಲ್ಲರೂ ಮಳೆಗೆ ಇಳಿದು ಕೂಗಿದರು. ಕ್ಯಾಪ್ಟನ್ ಮಾತ್ರ ಜಗಲಿಯಲ್ಲೇ ಕೂತು, "ಇವನು 2021ರಲ್ಲಿ ಚೆನ್ನೈಗೂ ಕಪ್ ಗೆದ್ದುಕೊಟ್ಟವನು, ಗೊತ್ತುಂಟಲ್ಲ" ಎಂದ.

"ಗೊತ್ತುಂಟು" ಎಂದೆ. ಆಮೇಲೆ, ತಡೆಯಲಾಗದೆ, ಗುಟ್ಟು ಹೇಳಿದ್ದನ್ನೂ ಹೇಳಿಬಿಟ್ಟೆ.

ಅವನು ನಕ್ಕ. "ಹೇಳುತ್ತೀ ಅಂತ ಗೊತ್ತಿತ್ತು ಮಾರಾಯ. ಒಂದು ವಾರ ತಮ್ಮನ ಕೈಯಲ್ಲಿ ಬರೀ ಸ್ಲೋ ಬಾಲ್ ಹಾಕಿಸಿದ್ದೇನೆ. ಅದೇ ಬರುತ್ತದೆಂದು ಕಾದು ನಿಂತಿದ್ದೆ. ನೀನು ಜೋರು ಹಾಕಿದಾಗ ಹೆದರಿ ಬ್ಯಾಟ್ ಬೀಸಿದ್ದು, ಹೇಗೋ ತಾಗಿತು."

ಈ ಸಲದ ಟೂರ್ನಿಗೆ ಹೊರಗಿನ ಇಬ್ಬರನ್ನು ಸೇರಿಸಬಹುದಂತೆ. ಎರಡೂ ಕಡೆಯಿಂದ ಮೆಸೇಜ್ ಬಂದಿದೆ. ಪರೀಕ್ಷೆ ಮುಗಿಯಲಿ ಎಂದು ಇಬ್ಬರಿಗೂ ಉತ್ತರ ಕಳಿಸಿದ್ದೇನೆ.