ದೀಪದ ಬುಡದ ಕತ್ತಲೆ

ಶರಾವತಿಯ ಹಿನ್ನೀರಿನಾಚೆಯ ಕಾಡೂರೊಂದರ ಏಕೋಪಾಧ್ಯಾಯ ಶಾಲೆಯಲ್ಲಿ ತೊಂಬತ್ತರ ದಶಕದಲ್ಲಿ ಕೆಲವು ವರ್ಷ ನಾನು ಮೇಷ್ಟ್ರಾಗಿದ್ದೆ. ಲಾಂಚಿನಲ್ಲಿ ನೀರು ದಾಟಿ, ಮತ್ತೆ ಎರಡು ಗಂಟೆ ನಡೆಯಬೇಕು. ಇದ್ದದ್ದು ಹದಿನಾಲ್ಕು ಮನೆ. ಮಳೆಗಾಲದಲ್ಲಿ ನಾಲ್ಕು ಗಂಟೆಗೇ ತರಗತಿ ಕತ್ತಲಾಗುತ್ತಿತ್ತು. ಮಕ್ಕಳು ಮನೆಯಿಂದ ತರುವ ಕಾಪಿ ಪುಸ್ತಕಗಳ ಅಂಚಿನಲ್ಲೆಲ್ಲ ಚಿಮಣಿ ಬುಡ್ಡಿಯ ಮಸಿ. ಒಮ್ಮೆ ಒಬ್ಬ ಅಜ್ಜಿ ಕೇಳಿದ್ದರು: "ಮೇಷ್ಟ್ರೇ, ನಮ್ಮ ಹೊಳೆ ನೀರು ಬೆಂಗಳೂರಲ್ಲಿ ದೀಪ ಉರಿಸ್ತದಂತೆ. ನಮ್ಮನೇಲಿ ಯಾಕೆ ಉರಿಯಲ್ಲ?"

ನನ್ನ ಬಳಿ ಉತ್ತರವಿರಲಿಲ್ಲ. ಜೋಗದ ಮೊದಲ ವಿದ್ಯುದಾಗಾರ ಆರಂಭವಾದದ್ದು 1948ರಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಅದರ ನೀರಿನಿಂದ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು 1035 ಮೆಗಾವಾಟ್ ಉತ್ಪಾದಿಸಬಲ್ಲವು. ಗದ್ದೆ, ತೋಟ, ಮನೆಗಳನ್ನು ನೀರಿಗೆ ಬಿಟ್ಟುಕೊಟ್ಟು ಕಾಡಂಚಿಗೆ ಸರಿದ ಅನೇಕರ ಮನೆಗಳಿಗೆ ಮಾತ್ರ ದಶಕಗಳ ಕಾಲ ಕರೆಂಟು ಬರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

2018ರ ಏಪ್ರಿಲ್‌ನಲ್ಲಿ ದೇಶದ ಎಲ್ಲ ಹಳ್ಳಿಗಳಿಗೂ ವಿದ್ಯುತ್ ತಲುಪಿತೆಂದು ಸರಕಾರ ಘೋಷಿಸಿತು. ಆದರೆ ಊರಿನ ಶೇಕಡಾ 10ರಷ್ಟು ಮನೆಗಳಿಗೆ ಮತ್ತು ಶಾಲೆಯಂಥ ಸಾರ್ವಜನಿಕ ಸ್ಥಳಗಳಿಗೆ ಸಂಪರ್ಕ ಸಿಕ್ಕರೆ ಆ ಊರು ವಿದ್ಯುದೀಕರಣಗೊಂಡಂತೆ ಎಂಬುದು ಕಡತದ ಲೆಕ್ಕ. ಉಳಿಯುವ ಮನೆಗಳು ಸಾಮಾನ್ಯವಾಗಿ ಯಾರವು? ಊರಿನ ಕೊನೆಯವು, ಕಾಡಿನ ಒಳಗಿನವು.

ಹಾಗಾದರೆ ಎಲ್ಲೆಡೆ ಕಂಬ ನೆಟ್ಟು ತಂತಿ ಎಳೆದರಾಯಿತಲ್ಲ ಎನ್ನಬಹುದು. ಮಳೆಕಾಡಿನಲ್ಲಿ ತಂತಿ ಎಂದರೆ ಮೈಲುಗಟ್ಟಲೆ ಮರ ಕಡಿದು ಮಾಡಿದ ದಾರಿ. ಗಾಳಿಮಳೆಗೆ ಕೊಂಬೆ ಬಿದ್ದರೆ ದಿನಗಟ್ಟಲೆ ಕರೆಂಟಿಲ್ಲ. ಆನೆಗಳಿರುವ ಕಡೆ ಜೋತುಬಿದ್ದ ತಂತಿ ಅವುಗಳ ಜೀವಕ್ಕೇ ಎರವು. ಹಾಗೆಂದು ಕಾಡಿನ ಹೆಸರು ಹೇಳಿ ಮನುಷ್ಯರನ್ನು ಕತ್ತಲಲ್ಲಿಡುವುದೂ ನ್ಯಾಯವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಅರಣ್ಯವಾಸಿಗಳಿಗಾಗಿ ಹದಿಮೂರು ಬಗೆಯ ಸೌಲಭ್ಯಗಳಿಗೆ ಅವಕಾಶ ಕೊಟ್ಟಿದೆ; ವಿದ್ಯುತ್ ತಂತಿಯೂ ಬದಲಿ ಇಂಧನ ಮೂಲಗಳೂ ಅದರಲ್ಲಿವೆ. ಗ್ರಾಮಸಭೆಯ ಶಿಫಾರಸು ಬೇಕು, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ರಸ್ತೆಗೆ ಹತ್ತಿರವಿರುವ ಊರಿಗೆ ರಸ್ತೆಯಂಚಿನಲ್ಲೇ ಹೊದಿಕೆಯುಳ್ಳ ತಂತಿ ಎಳೆಯುವುದು ಸರಿಯಾದ ದಾರಿ.

ದೂರದ ಊರುಗಳಿಗೆ ಹಳ್ಳವೇ ಇದೆ. ಗುಡ್ಡದ ಒರತೆಯ ನೀರನ್ನು ಅಡಿಕೆ ದಂಬೆಯಲ್ಲಿ ಅಂಗಳಕ್ಕೆ ಇಳಿಸುವ ವಿದ್ಯೆ ಮಲೆನಾಡಿಗರಿಗೆ ಹೊಸತಲ್ಲ. ಅದೇ ನೀರನ್ನು ಪೈಪಿನಲ್ಲಿ ತಂದು ಪುಟ್ಟ ಚಕ್ರದ ಮೇಲೆ ಚಿಮ್ಮಿಸಿದರೆ ಕರೆಂಟು. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಇಳಿದರೆ, ಅರ್ಧ ಶಕ್ತಿ ನಷ್ಟವಾದರೂ ಸುಮಾರು ಒಂದು ಕಿಲೋವಾಟ್ ಸಿಗುತ್ತದೆ. ಹದಿನಾಲ್ಕು ಮನೆಗಳಲ್ಲಿ ತಲಾ ಐದು ಎಲ್‌ಇಡಿ ಬಲ್ಬು ಉರಿಸಲು ಅದರ ಅರ್ಧ ಸಾಕು. ಮಿಕ್ಕದ್ದರಲ್ಲಿ ಮೊಬೈಲು, ಶಾಲೆಯ ಟಿ.ವಿ.; ಅದಕ್ಕೂ ಮಿಕ್ಕದ್ದು ಸ್ನಾನದ ನೀರು ಕಾಯಿಸುತ್ತದೆ. ಅಣೆಕಟ್ಟಿಲ್ಲ, ಮುಳುಗಡೆಯಿಲ್ಲ, ನೀರು ಮತ್ತೆ ಹಳ್ಳಕ್ಕೇ ಸೇರುತ್ತದೆ. ಬೇಸಿಗೆಯಲ್ಲಿ ಹಳ್ಳ ಸೊರಗಿದಾಗ ಬಿಸಿಲಿರುತ್ತದೆ, ಸೋಲಾರ್ ಹಲಗೆ ಕೆಲಸ ಮಾಡುತ್ತದೆ. ಬಿಸಿಲಿಲ್ಲದ ಆಷಾಢದಲ್ಲಿ ಹಳ್ಳ ತುಂಬಿರುತ್ತದೆ. ಒಂದು ಸೋತಾಗ ಇನ್ನೊಂದು ಕೈಹಿಡಿಯುತ್ತದೆ. ಹಳ್ಳದ ಮೀನು, ಕಪ್ಪೆಗಳ ಪಾಲಿನ ನೀರನ್ನು ಬಿಟ್ಟು ತೆಗೆಯಬೇಕು, ಅಷ್ಟೆ.

ಆದರೆ 'ಕಿರು' ಎಂಬ ಪದದ ಬಗ್ಗೆ ಎಚ್ಚರವಿರಲಿ. ಸರಕಾರದ ಲೆಕ್ಕದಲ್ಲಿ 25 ಮೆಗಾವಾಟ್ ತನಕದ್ದೂ ಕಿರು ಜಲವಿದ್ಯುತ್ತೇ. 2006ರ ಪರಿಸರ ಅಧಿಸೂಚನೆಯಡಿ 25 ಮೆಗಾವಾಟ್‌ಗಿಂತ ಕಡಿಮೆಯವಕ್ಕೆ ಪರಿಸರ ಅನುಮತಿಯೂ ಬೇಕಿಲ್ಲ. ನಮ್ಮ ಹಳ್ಳದ ಚಕ್ರಕ್ಕೆ ಹೋಲಿಸಿದರೆ ಅದು ಸುಮಾರು ಇಪ್ಪತ್ತೈದು ಸಾವಿರ ಪಟ್ಟು ದೊಡ್ಡದು. ಅದಕ್ಕೆ ಒಡ್ಡು, ಕಾಲುವೆ, ರಸ್ತೆ, ದೊಡ್ಡ ತಂತಿ ಎಲ್ಲ ಬೇಕು, ಕರೆಂಟು ಹೋಗುವುದು ಮಾತ್ರ ಹೊರಗೆ. 200 ಮೆಗಾವಾಟ್‌ನ ಗುಂಡ್ಯ ಯೋಜನೆ ಬೇಡವೆಂದು 2011ರಲ್ಲಿ ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ ಹೇಳಿತ್ತು. ಕಾಡಿಗೆ ಪೆಟ್ಟು ಬೀಳುವುದು ಕಾಡಿನವರ ಬಲ್ಬಿನಿಂದಲ್ಲ, ಕಾಡಿನ ಮೂಲಕ ಬೇರೆಯವರಿಗೆ ಸಾಗುವ ಕರೆಂಟಿನಿಂದ.

ಇನ್ನೊಂದು ಮಾತು. ನಾನಿದ್ದಾಗಲೇ ಒಂದು ಸಂಸ್ಥೆ ಊರಿಗೆ ಸೋಲಾರ್ ದೀಪ ಹಂಚಿತ್ತು. ಹಾರ, ಭಾಷಣ, ಫೋಟೋ ಎಲ್ಲ ಆಯಿತು. ಎರಡು ವರ್ಷದಲ್ಲಿ ಬ್ಯಾಟರಿಗಳು ಸತ್ತವು. ಕೇಳಲು ಯಾರೂ ಬರಲಿಲ್ಲ. ಸೀಸ ತುಂಬಿದ ಆ ಪೆಟ್ಟಿಗೆಗಳು ಹಳ್ಳದ ದಂಡೆಯಲ್ಲೇ ಬಿದ್ದಿದ್ದವು. ಹಳೆಯ ಬ್ಯಾಟರಿಗಳನ್ನು ವಾಪಸು ಪಡೆಯಬೇಕೆಂಬ ನಿಯಮ 2001ರಲ್ಲಿ ಬಂತು, 2022ರಲ್ಲಿ ಇನ್ನೂ ವಿಸ್ತಾರವಾಯಿತು. ಕಾಡಿನಿಂದ ಅವನ್ನು ಹೊತ್ತು ತರುವವರು ಯಾರೆಂಬುದನ್ನು ದೀಪ ಕೊಡುವ ದಿನವೇ ತೀರ್ಮಾನಿಸಬೇಕು. 1995ರಲ್ಲಿ ಹರೀಶ್ ಹಂದೆಯವರು ಸೆಲ್ಕೋ ಕಟ್ಟಿದಾಗ ದೀಪವನ್ನು ದಾನವಾಗಿ ಕೊಡಲಿಲ್ಲ. ಬ್ಯಾಂಕ್ ಸಾಲ, ಕಂತು, ಹತ್ತಿರದಲ್ಲೇ ರಿಪೇರಿಯವರು, ಹೀಗೆ ಕೊಟ್ಟರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಬಡವ ಬಿಟ್ಟಿ ಕೇಳುವುದಿಲ್ಲ, ಕೆಟ್ಟಾಗ ಬರುವವರನ್ನು ಕೇಳುತ್ತಾನೆ. ಊರಿನ ಇಬ್ಬರು ಹುಡುಗ ಹುಡುಗಿಯರಿಗೆ ರಿಪೇರಿ ಕಲಿಸಿ, ಮನೆಗಿಷ್ಟೆಂದು ತಿಂಗಳ ವಂತಿಗೆ ಸೇರಿಸಿದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ.

ಫ್ರಿಜ್ಜು, ಗೀಸರುಗಳ ನಡುವೆ ಕುಳಿತ ನಾವು ಕಾಡಿನವರಿಗೆ 'ನಿಮಗೆ ಒಂದು ಬಲ್ಬು ಸಾಕು' ಎಂದು ಉಪದೇಶಿಸುವಂತಿಲ್ಲ. ನಾಳೆ ಅವರ ಮಗಳಿಗೆ ಕಂಪ್ಯೂಟರ್ ಬೇಕಾದೀತು, ಗೃಹಿಣಿಗೆ ಮಿಕ್ಸಿ ಬೇಕಾದೀತು. ಎಷ್ಟು ಬೇಕು, ಹೇಗೆ ಬೇಕು ಎಂಬುದನ್ನು ಅವರ ಗ್ರಾಮಸಭೆ ಹೇಳಲಿ. ಉಳಿತಾಯದ ಪಾಠ ಶುರುವಾಗಬೇಕಾದ್ದು ಹೊಳೆಯ ಕರೆಂಟು ಬಂದು ಸೇರುವ ನಮ್ಮ ಮನೆಗಳಲ್ಲಿ.